ಕಾಂಡಕೊರಕ, ಚಳಿಜ್ವರ ಮತ್ತು ಹಾವಿನ ನಂಜು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಹೆಜ್ಜೇನು ಎದ್ದು ಹಣ್ಣು ಕೊಯ್ಯುತ್ತಿದ್ದವರೆಲ್ಲ ಕಣದ ಕಡೆಗೆ ಓಡಿ ಬಂದ ದಿನ, ಅಲ್ಲೇ ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಾನು ಜೀವಶಾಸ್ತ್ರ ಓದಿದವನೆಂಬ ಕಾರಣಕ್ಕೆ ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿದರು. "ಅಲ್ಲ ಕಣಪ್ಪಾ, ಜೇನಿನ ವಿಷ, ಹಾವಿನ ವಿಷ ಮಲೇರಿಯಾ ಹುಳಾನ ಸಾಯಿಸ್ತದೆ ಅಂತ ಪೇಪರಲ್ಲಿ ಬಂದಿತ್ತು. ಸಾಯಿಸೋದು ನಿಜ ಆದ್ರೆ ಆಸ್ಪತ್ರೇಲಿ ಯಾಕೆ ಕೊಡಲ್ಲ?" ಹುಡುಗರಾಗಿದ್ದಾಗ ಅವರಿಗೆ ವರ್ಷವರ್ಷವೂ ಚಳಿಜ್ವರ ಬಂದು, ಎಡಪಕ್ಕೆಯ ಕೆಳಗೆ ಕೈಗೆ ಸಿಗುವಷ್ಟು ದೊಡ್ಡ ಜ್ವರಗಡ್ಡೆ ಕಟ್ಟಿತ್ತಂತೆ. ಊದಿಕೊಂಡ ಗುಲ್ಮಕ್ಕೆ ಮಲೆನಾಡಿನವರು ಇಟ್ಟ ಹೆಸರು ಅದು. ಆದ್ದರಿಂದ ಅವರ ಪ್ರಶ್ನೆ ಸುಮ್ಮನೆ ಕಾಲಹರಣಕ್ಕೆ ಕೇಳಿದ್ದಾಗಿರಲಿಲ್ಲ. ಅಂದು ಅವಸರದಲ್ಲಿ ನಾನು ಕೊಟ್ಟ ಉತ್ತರ ಅರ್ಧವೇ ಆಗಿತ್ತು. ಉಳಿದರ್ಧ ಇಲ್ಲಿದೆ.

ಪತ್ರಿಕೆಯಲ್ಲಿ ಬಂದದ್ದು ಸುಳ್ಳಲ್ಲ. ಹಾವು, ಚೇಳು, ಜೇಡ, ಜೇನು, ಕಣಜ, ಕಡಲಿನ ಶಂಖದ ಹುಳು, ಹೀಗೆ ಹತ್ತಾರು ಪ್ರಾಣಿಗಳ ವಿಷವನ್ನು ಮಲೇರಿಯಾ, ಮರಳುನೊಣದಿಂದ ಹರಡುವ ಕಾಲಾ ಅಜಾರ್ ಮೊದಲಾದ ರೋಗಗಳ ಪರಾವಲಂಬಿಗಳ ಮೇಲೆ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ, ಮತ್ತು ಹಲವು ಸಲ ಪರಾವಲಂಬಿಗಳು ಸತ್ತಿವೆ. ಆದರೆ ಈ ಸಂಶೋಧನೆಯಲ್ಲಿ ಕೊಲ್ಲುವುದು ಎಂದೂ ಕಷ್ಟದ ಭಾಗವಾಗಿರಲಿಲ್ಲ. ಕೋಟ್ಯಂತರ ವರ್ಷಗಳಿಂದ ಕೊಲ್ಲಲೆಂದೇ ಹದಗೊಂಡು ಬಂದ ವಸ್ತು ಗಾಜಿನ ತಟ್ಟೆಯಲ್ಲಿರುವ ಒಂದು ಏಕಕೋಶ ಜೀವಿಯನ್ನು ಕೊಂದಿತೆಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಪರಾವಲಂಬಿಯನ್ನು ಕೊಂದು, ಅದು ಕುಳಿತಿರುವ ಮನುಷ್ಯನ ಕೋಶವನ್ನು ಬಿಟ್ಟುಬಿಡಲು ಆ ವಿಷಕ್ಕೆ ಬರುತ್ತದೆಯೇ ಎಂಬುದೇ ಇಲ್ಲಿ ನಿಜವಾದ ಪರೀಕ್ಷೆ.

ಪರಾವಲಂಬಿ ಎಂದರೇನೆಂದು ಮಲೆನಾಡಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ; ಹಲಸಿನ ಕೊಂಬೆಯ ಮೇಲೆ ಬೇರೂರಿ ಮರದ ರಸವನ್ನೇ ಕುಡಿಯುವ ಬಂದಳಿಕೆ ಎಲ್ಲರ ಕಣ್ಣೆದುರಿಗಿದೆ. ಮನುಷ್ಯನ ಮೈಯಲ್ಲಿ ಹಾಗೆ ಬದುಕುವವುಗಳಲ್ಲಿ ಕರುಳಿನ ಹುಳುಗಳಂಥ ದೊಡ್ಡವೂ ಇವೆ, ಮಲೇರಿಯಾದ ಪ್ಲಾಸ್ಮೋಡಿಯಂ ಮತ್ತು ಕಾಲಾ ಅಜಾರಿನ ಲೀಶ್ಮೇನಿಯಾದಂಥ ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಗಳೂ ಇವೆ. ನಮ್ಮ ಕಡೆಯವರು ಹೆದರುವ ಮಂಗನ ಕಾಯಿಲೆ ಈ ಗುಂಪಿಗೆ ಸೇರದು. ಅದು ಉಣ್ಣೆಯ ಮೂಲಕ ಬರುವ ವೈರಸ್ಸಿನ ರೋಗ. ವಿಷದ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ಏಕಕೋಶ ಜೀವಿಗಳ ಮೇಲೆಯೇ ಆದ್ದರಿಂದ ನಾನೂ ಅವಕ್ಕೇ ಅಂಟಿಕೊಳ್ಳುತ್ತೇನೆ.

ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲವೊಂದಿತ್ತು ಎಂದು ಹಿರಿಯರು ಹೇಳುವುದರ ಹಿಂದೆ ಇದ್ದದ್ದು ಬಹುಮಟ್ಟಿಗೆ ಮಲೇರಿಯಾದ ಭಯವೇ. ಬೆಟ್ಟದ ತೊರೆಗಳ ಅಂಚಿನಲ್ಲಿ, ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಘಟ್ಟದ ಈ ಸೆರಗಿನಲ್ಲಿ ರೋಗವನ್ನು ಹೊತ್ತು ತಿರುಗುತ್ತಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದ ಮೇಲೆ ಆ ಕಾಟ ಇಳಿಯಿತು. ಆಮೇಲೆ ಹಾಸನ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಲಾರ್ವ ತಿನ್ನುವ ಮೀನು ಬಿಟ್ಟು ನೋಡಿದ ಪ್ರಯೋಗವೂ ನಡೆಯಿತು. ಇಂದು ಇಲ್ಲಿ ಮಲೇರಿಯಾ ಅಪರೂಪ. ಜಗತ್ತಿನ ಲೆಕ್ಕ ಹಾಗಿಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣಗಳಾಗಿ 5.97 ಲಕ್ಷ ಜನ ಸತ್ತರು. ಕ್ಲೋರೋಕ್ವಿನ್ ಎಂಬ ಮಲೇರಿಯಾ ಮದ್ದಿಗೆ ಪರಾವಲಂಬಿ ಬಗ್ಗದಂತಾಗಿ ದಶಕಗಳೇ ಕಳೆದವು. ಅದರ ಜಾಗಕ್ಕೆ ಬಂದ ಆರ್ಟೆಮಿಸಿನಿನ್‌ಗೂ ಆಗ್ನೇಯ ಏಷ್ಯಾ ಮತ್ತು ಆಫ್ರಿಕಾದ ಕೆಲವೆಡೆ ಪರಾವಲಂಬಿ ಅರೆಬರೆಯಾಗಿ ಒಗ್ಗಿಕೊಳ್ಳುತ್ತಿದೆ. ಬಿಹಾರದ ಕಾಲಾ ಅಜಾರಿನಲ್ಲಿ ಬಹುಕಾಲ ಬಳಸಿದ ಆಂಟಿಮನಿಯ ಮದ್ದು ಹೀಗೆಯೇ ಕೈಕೊಟ್ಟಿತು. ಹೊಸ ಮದ್ದಿನ ಹುಡುಕಾಟ ವಿಷದ ಹಲ್ಲಿನವರೆಗೂ ಹೋಗಿರುವುದು ಈ ಕಾರಣಕ್ಕೆ.

ಕನ್ನಡದಲ್ಲಿ ದತ್ತೂರಿಯ ಬೀಜಕ್ಕೂ ನಾಗರಹಾವಿನ ಹಲ್ಲಿನಲ್ಲಿ ಬರುವುದಕ್ಕೂ ನಾವು ವಿಷ ಎಂದೇ ಹೇಳುತ್ತೇವೆ. ಆದರೆ ಎರಡರ ಸ್ವಭಾವ ಬೇರೆ. ದತ್ತೂರಿಯ ವಿಷ ತಿಂದರೆ ಏರುತ್ತದೆ. ಹಾವಿನದು ಚರ್ಮದೊಳಗೆ ಚುಚ್ಚಿಕೊಂಡು ಹೋಗಬೇಕು, ಏಕೆಂದರೆ ಅದರ ಬಹುಪಾಲು ಪ್ರೋಟೀನ್, ಮತ್ತು ಹೊಟ್ಟೆಗೆ ಹೋದ ಪ್ರೋಟೀನನ್ನು ನಮ್ಮ ಜೀರ್ಣರಸ ಬೇಳೆಯನ್ನು ಅರಗಿಸಿದಂತೆಯೇ ಅರಗಿಸಲು ನೋಡುತ್ತದೆ. ಹಾಗೆಂದು ಯಾರೂ ನೆಕ್ಕಿ ನೋಡಬಾರದು. ಬಾಯಿಯಲ್ಲೊಂದು ಸಣ್ಣ ಗಾಯವಿದ್ದರೆ ಸಾಕು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಮುಂದೆ ಮದ್ದಿನ ಮಾತು ಬಂದಾಗ ಇದೇ ಅಡ್ಡ ಬರುತ್ತದೆ.

ಇನ್ನೊಂದು ಸಂಗತಿಯೆಂದರೆ, ಹಾವಿನ ವಿಷ ಒಂದು ವಸ್ತುವಲ್ಲ, ಹತ್ತಾರು ವಸ್ತುಗಳ ಮಿಶ್ರಣ. ಅದರಲ್ಲಿ ಕೋಶಪೊರೆಯ ಕೊಬ್ಬನ್ನು ಸೀಳುವ ಫಾಸ್ಫೋಲೈಪೇಸ್ ಎಂಬ ಕಿಣ್ವವಿದೆ, ಅಂಗಾಂಶವನ್ನು ಕರಗಿಸುವ ಕಿಣ್ವಗಳಿವೆ, ನರ ಮತ್ತು ಸ್ನಾಯುಗಳ ನಡುವಿನ ಮಾತುಕತೆಯನ್ನು ಕಡಿದುಹಾಕುವ ಸಣ್ಣ ಪ್ರೋಟೀನುಗಳಿವೆ, ರಕ್ತವನ್ನು ಹೆಪ್ಪುಗಟ್ಟಿಸುವಂಥವೂ ಹೆಪ್ಪುಗಟ್ಟಲು ಬಿಡದಂಥವೂ ಇವೆ. ಯಾವುದು ಎಷ್ಟು ಎಂಬುದು ಹಾವಿನಿಂದ ಹಾವಿಗೆ ಮಾತ್ರವಲ್ಲ, ಊರಿನಿಂದ ಊರಿಗೂ ಬದಲಾಗುತ್ತದೆ. ಒಂದೇ ಜಾತಿಯ ಕೊಳಕುಮಂಡಲದ ವಿಷ ದೇಶದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಪಾಕವಾಗಿರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಷವಿಜ್ಞಾನ ಪ್ರಯೋಗಾಲಯ ತೋರಿಸಿದೆ. ಆದ್ದರಿಂದ "ಹಾವಿನ ವಿಷ ಮಲೇರಿಯಾವನ್ನು ಕೊಲ್ಲುತ್ತದೆ" ಎಂಬ ವಾಕ್ಯಕ್ಕೆ ವಿಜ್ಞಾನದಲ್ಲಿ ಹೆಚ್ಚು ಅರ್ಥವಿಲ್ಲ. ಯಾವ ಹಾವು, ಎಲ್ಲಿಯದು, ಅದರ ವಿಷದೊಳಗಿನ ಯಾವ ಭಾಗ ಎಂದು ಕೇಳಬೇಕು.

ವಿಷದಿಂದ ಮದ್ದು ಹುಟ್ಟಿದ ಉದಾಹರಣೆಗಳು ಇಲ್ಲದಿಲ್ಲ. ಬ್ರೆಜಿಲಿನ ಜರರಾಕಾ ಎಂಬ ಮಂಡಲದ ವಿಷದಲ್ಲಿ ರಕ್ತದೊತ್ತಡವನ್ನು ಇಳಿಸುವುದಕ್ಕೆ ನೆರವಾಗುವ ಪೆಪ್ಟೈಡುಗಳು, ಅಂದರೆ ಪ್ರೋಟೀನಿನಂಥ ಸಣ್ಣ ಸರಪಳಿಗಳು, ಇರುವುದನ್ನು 1960ರ ದಶಕದಲ್ಲಿ ಸರ್ಜಿಯೋ ಫೆರೇರಾ ಕಂಡುಕೊಂಡರು. ಆ ಜಾಡನ್ನು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್ ಮಾತ್ರೆಗೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬಯಲುಸೀಮೆಯ ಕುರುಚಲು ನೆಲದಲ್ಲೂ ಸಿಗುವ ಗರಗಸ ಮಂಡಲದ ವಿಷದ ಒಂದು ಪ್ರೋಟೀನನ್ನು ಮಾದರಿಯಾಗಿಟ್ಟುಕೊಂಡು ಹೃದಯಾಘಾತದ ಚಿಕಿತ್ಸೆಯಲ್ಲಿ ಬಳಸುವ ಟಿರೋಫಿಬಾನ್ ಎಂಬ ಮದ್ದನ್ನು ರೂಪಿಸಿದರು. ಗಮನಿಸಬೇಕಾದದ್ದೇನೆಂದರೆ, ಈ ಎರಡರಲ್ಲೂ ರೋಗಿಯ ಮೈಗೆ ಹೋಗುವುದು ಹಾವಿನ ವಿಷವಲ್ಲ. ವಿಷದ ಅಣು ಯಾವ ಬೀಗಕ್ಕೆ ಹೇಗೆ ಕೂರುತ್ತದೆಂದು ನೋಡಿಕೊಂಡು, ಅದೇ ಬೀಗಕ್ಕೆ ಕೂರುವ ಚಿಕ್ಕದೊಂದು ಕೀಲಿಯನ್ನು ರಸಾಯನಶಾಸ್ತ್ರಜ್ಞರು ತಾವೇ ಮಾಡಿದರು. "ವಿಷಕ್ಕೆ ವಿಷವೇ ಮದ್ದು" ಎಂಬ ಗಾದೆಯನ್ನು ಈ ವಿಷಯಕ್ಕೆ ಎಳೆದು ತರುವವರು ಈ ಮಧ್ಯದ ಕೆಲಸವನ್ನು ಪೂರ್ತಿ ಮರೆತಿರುತ್ತಾರೆ.

ಈಗ ಪರೀಕ್ಷೆಯ ವಿಚಾರ. ಮೊದಲು ವಿಷ ಬೇಕು, ಮತ್ತು ಅದನ್ನು ಯಾರೋ ಹಾವು ಹಿಡಿಯುವವರ ಕೈಯಿಂದ ತರಿಸಿಕೊಳ್ಳಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅನುಮತಿಯಿಲ್ಲದೆ ಹಾವು ಹಿಡಿಯುವುದೂ ವಿಷ ತೆಗೆಯುವುದೂ ಅಪರಾಧ. ನಮ್ಮ ದೇಶದಲ್ಲಿ ಹಾವು ಕಡಿತದ ಚುಚ್ಚುಮದ್ದಿಗೆ ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಆರಂಭವಾದ ಆ ಸಂಘದವರು ಹಾವನ್ನು ಕೆಲವು ವಾರ ಮಡಕೆಯಲ್ಲಿಟ್ಟುಕೊಂಡು, ಕೆಲವೇ ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ತೆಗೆದ ವಿಷವನ್ನು ತಣ್ಣಗೆ ಹೆಪ್ಪುಗಟ್ಟಿಸಿ ನೀರಿನಂಶವನ್ನು ಹೀರಿ ಪುಡಿ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಆ ಪುಡಿಯನ್ನು ಕರಗಿಸಿ, ಅದರೊಳಗಿನ ವಸ್ತುಗಳನ್ನು ಗಾತ್ರ ಮತ್ತು ಸ್ವಭಾವಕ್ಕೆ ತಕ್ಕಂತೆ ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದು ಪಾಲನ್ನೂ ಪರಾವಲಂಬಿಯ ಮೇಲೆ ಪ್ರತ್ಯೇಕವಾಗಿ ಹಾಕಿ ನೋಡುತ್ತಾರೆ. ಕೆಲಸ ಮಾಡಿದ ಪಾಲನ್ನು ಮತ್ತೆ ಒಡೆದು, ಕೊನೆಗೆ ಒಂದೇ ಅಣುವಿಗೆ ಬಂದು ನಿಲ್ಲಬೇಕು.

ಪರಾವಲಂಬಿಯನ್ನು ಬೆಳೆಸುವುದೂ ಒಂದು ಕಲೆಯೇ. ಮಲೇರಿಯಾದ ಜೀವಿಯನ್ನು ಮನುಷ್ಯನ ಮೈಯ ಹೊರಗೆ ನಿರಂತರವಾಗಿ ಬೆಳೆಸುವುದು ಬಹುಕಾಲ ಯಾರಿಗೂ ಸಾಧ್ಯವಾಗಿರಲಿಲ್ಲ. 1976ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಅದನ್ನು ಸಾಧಿಸಿದರು. ಅವರ ಉಪಾಯ ಕೇಳಿದರೆ ನಗು ಬರುತ್ತದೆ: ಮನುಷ್ಯನ ಕೆಂಪು ರಕ್ತಕಣಗಳಿರುವ ತಟ್ಟೆಗಳನ್ನು ಒಂದು ಗಾಜಿನ ಜಾಡಿಯಲ್ಲಿಟ್ಟು, ಒಳಗೊಂದು ಮೋಂಬತ್ತಿ ಹಚ್ಚಿ, ಮುಚ್ಚಳ ಹಾಕಿಬಿಡುವುದು. ಮೋಂಬತ್ತಿ ಆರುವ ಹೊತ್ತಿಗೆ ಆಮ್ಲಜನಕ ಪರಾವಲಂಬಿಗೆ ಹಿಡಿಸುವಷ್ಟು ಕಡಿಮೆಯಾಗಿರುತ್ತದೆ. ಈ ವಿಧಾನ ಒಗ್ಗಿದ್ದು ಮಾರಕ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂಗೆ. ಭಾರತದಲ್ಲಿ ಬಹಳವಾಗಿ ಕಾಣುವ ವೈವಾಕ್ಸ್ ಎಂಬ ಇನ್ನೊಂದು ಜಾತಿ ಇಂದಿಗೂ ಹಾಗೆ ನಿರಂತರವಾಗಿ ತಟ್ಟೆಯಲ್ಲಿ ಬೆಳೆಯಲು ಒಪ್ಪಿಲ್ಲ. ಹೀಗಾಗಿ ತಟ್ಟೆಯ ಪರೀಕ್ಷೆಯ ಫಲಿತಾಂಶಗಳೆಲ್ಲ ಹೆಚ್ಚುಕಡಿಮೆ ಫಾಲ್ಸಿಪಾರಂ ಒಂದರದ್ದೇ.

ಪರೀಕ್ಷೆಯಲ್ಲಿ ಎರಡು ಅಳತೆಗಳು ಮುಖ್ಯ. ಪರಾವಲಂಬಿಗಳಲ್ಲಿ ಅರ್ಧದಷ್ಟನ್ನು ತಡೆಯಲು ಎಷ್ಟು ವಿಷ ಬೇಕು ಎಂಬುದು ಒಂದು. ಮನುಷ್ಯನ ಆರೋಗ್ಯವಂತ ಕೋಶಗಳಲ್ಲಿ ಅರ್ಧದಷ್ಟನ್ನು ಹಾಳುಮಾಡಲು ಎಷ್ಟು ಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಆಯ್ಕೆಯ ಸೂಚ್ಯಂಕ ಎನ್ನಬಹುದು. ಪರಾವಲಂಬಿಗೆ 2 ಪಾಲು ವಿಷ ಸಾಕಾಗಿ, ಮನುಷ್ಯನ ಕೋಶಕ್ಕೆ ಹಾನಿಯಾಗಲು 200 ಪಾಲು ಬೇಕಾಗುವುದಾದರೆ ಸೂಚ್ಯಂಕ 100, ನೆಮ್ಮದಿಯಿಂದ ಮುಂದುವರಿಯಬಹುದು. ಎರಡಕ್ಕೂ 2 ಸಾಕು ಎಂದಾದರೆ ಸೂಚ್ಯಂಕ 1, ಅಂದರೆ ಮದ್ದು ಕೊಟ್ಟವನೂ ಕಚ್ಚಿದ ಹಾವೂ ಒಂದೇ. ಪತ್ರಿಕೆಯ ತಲೆಬರಹಗಳಲ್ಲಿ ಮೊದಲ ಅಳತೆ ಬರುತ್ತದೆ, ಈ ಭಾಗಲಬ್ಧ ಬರುವುದಿಲ್ಲ. ನನ್ನ ಮಟ್ಟಿಗೆ, ವಿಷದಿಂದ ಮದ್ದು ಎಂಬ ಸುದ್ದಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಒಂದು ಸಂಖ್ಯೆಯನ್ನು.

ಮಲೇರಿಯಾದ ವಿಷಯದಲ್ಲಿ ಇನ್ನೂ ಒಂದು ಬಲೆ ಇದೆ, ಅದನ್ನು ಕಾಫಿ ಬೆಳೆಗಾರರಿಗೆ ಅವರ ಗಿಡದ ಮೇಲೆಯೇ ತೋರಿಸಬಹುದು. ಅರೇಬಿಕಾ ಗಿಡದ ಕಾಂಡದೊಳಗೆ ಬಿಳಿ ಕಾಂಡಕೊರಕದ ಮರಿ ಸುರಂಗ ಕೊರೆದುಕೊಂಡು ಕುಳಿತ ಮೇಲೆ ಹೊರಗಿನಿಂದ ಹೊಡೆದ ಔಷಧ ಅದಕ್ಕೆ ತಾಗುವುದು ಕಷ್ಟ. ಕೊನೆಗೆ ಗಿಡವನ್ನೇ ಕಿತ್ತು ಸುಡುತ್ತಾರೆ. ಹುಳು ಸತ್ತಿತು, ನಿಜ. ಆದರೆ ಹಾಗೆ ಸುಟ್ಟವನು "ನನ್ನ ಬಳಿ ಕಾಂಡಕೊರಕಕ್ಕೆ ಔಷಧವಿದೆ" ಎಂದು ಹೇಳಿಕೊಂಡರೆ ತೋಟದವರು ನಕ್ಕಾರು. ಪ್ಲಾಸ್ಮೋಡಿಯಂ ಕುಳಿತಿರುವುದೂ ಹೀಗೆ ಕೆಂಪು ರಕ್ತಕಣದ ಒಳಗೆ. ಅಲ್ಲಿ ಸುಮಾರು 48 ಗಂಟೆ ಬೆಳೆದು, ಹತ್ತಾರು ಮರಿಗಳಾಗಿ ಒಡೆದು, ಕಣವನ್ನು ಸೀಳಿ ಹೊರಬಂದು ಹೊಸ ಕಣಗಳಿಗೆ ನುಗ್ಗುತ್ತದೆ. ಚಳಿ ಹಿಡಿದು ನಡುಗಿಸುವುದು ಈ ಸೀಳುವಿಕೆಯ ಹೊತ್ತಿನಲ್ಲೇ. ಈಗ ತಟ್ಟೆಗೆ ಹಾಕಿದ ವಿಷ ರಕ್ತಕಣಗಳನ್ನೇ ಒಡೆದುಹಾಕಿತೆನ್ನಿ. ಮನೆ ಬಿದ್ದ ಮೇಲೆ ಒಳಗಿದ್ದ ಪರಾವಲಂಬಿಯೂ ಸಾಯುತ್ತದೆ. ಎಣಿಕೆಯಲ್ಲಿ ಪರಾವಲಂಬಿಗಳ ಸಂಖ್ಯೆ ಇಳಿದಂತೆ ಕಾಣುತ್ತದೆ. ವಿಷ ಮಲೇರಿಯಾದ ವಿರುದ್ಧ ಗೆದ್ದಂತೆ ತೋರುತ್ತದೆ. ಗಿಡ ಸುಟ್ಟ ಲೆಕ್ಕವೇ ಇದು. ಆದ್ದರಿಂದ ಗಂಭೀರವಾದ ಪ್ರತಿಯೊಂದು ಪರೀಕ್ಷೆಯಲ್ಲೂ ಸೋಂಕಿಲ್ಲದ ರಕ್ತಕಣಗಳನ್ನು ಪಕ್ಕದಲ್ಲಿಟ್ಟು, ಅವು ಎಷ್ಟು ಒಡೆದವೆಂದು ಬೇರೆಯಾಗಿ ಅಳೆಯಲೇಬೇಕಾಗುತ್ತದೆ.

ಜೇನಿನ ವಿಷದ ಕತೆ ಇಲ್ಲಿ ಬರುತ್ತದೆ. ಆ ವಿಷವನ್ನು ಒಣಗಿಸಿ ತೂಗಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮೆಲಿಟಿನ್ ಎಂಬ ಪೆಪ್ಟೈಡೇ ಇರುತ್ತದೆ. ಬರೀ 26 ಅಮೈನೋ ಆಮ್ಲಗಳ ಸರಪಳಿ ಅದು. ಕೋಶಪೊರೆಗೆ ಹೋಗಿ ಅಂಟಿಕೊಂಡು ತೂತು ಕೊರೆಯುವುದು ಅದರ ಕಸುಬು, ಮತ್ತು ಯಾರ ಪೊರೆ ಎಂದು ಅದು ವಿಚಾರಿಸುವುದಿಲ್ಲ: ಬ್ಯಾಕ್ಟೀರಿಯಾ ಆದರೂ ಸರಿ, ಲೀಶ್ಮೇನಿಯಾ ಆದರೂ ಸರಿ, ನಮ್ಮ ಕೆಂಪು ರಕ್ತಕಣವಾದರೂ ಸರಿ. ತಟ್ಟೆಯಲ್ಲಿ ನೋಡಿದರೆ ಭರ್ಜರಿ ಮದ್ದು, ಸೂಚ್ಯಂಕ ನೋಡಿದರೆ ಕೈಬಿಡಬೇಕಾದ ವಸ್ತು.

ಆದರೂ ಅದನ್ನು ಕೈಬಿಡಲಿಲ್ಲ, ಮತ್ತು ಈ ಕ್ಷೇತ್ರದಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಅಲ್ಲಿಂದಲೇ ಹೊರಟಿತು. ಕೋಶಪೊರೆಗಳೆಲ್ಲ ಒಂದೇ ತರಹ ಇರುವುದಿಲ್ಲ. ನಮ್ಮ ಕೋಶಗಳ ಹೊರಮೈ ವಿದ್ಯುತ್ತಿನ ದೃಷ್ಟಿಯಿಂದ ಬಹುಮಟ್ಟಿಗೆ ತಟಸ್ಥ, ಮತ್ತು ಕೊಲೆಸ್ಟರಾಲ್ ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಬ್ಯಾಕ್ಟೀರಿಯಾ ಮತ್ತು ಕೆಲವು ಪರಾವಲಂಬಿಗಳ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ಧನ ವಿದ್ಯುದಂಶವುಳ್ಳ ಪೆಪ್ಟೈಡು ಅಂಥ ಮೈಯ ಕಡೆಗೆ ತಾನಾಗಿ ಸೆಳೆಯಲ್ಪಡುತ್ತದೆ. ಒಂದು ಜಾತಿಯ ಪತಂಗದ ರಕ್ತದಲ್ಲಿ ಸಿಗುವ ಸೆಕ್ರೋಪಿನ್ ಎಂಬ ಪೆಪ್ಟೈಡಿಗೆ ಈ ಗುಣವಿದೆ, ಅದು ನಮ್ಮ ರಕ್ತಕಣದ ತಂಟೆಗೆ ಬರುವುದಿಲ್ಲ. 1989ರಲ್ಲಿ ಹನ್ಸ್ ಬೋಮನ್ ಮತ್ತು ಸಂಗಡಿಗರು ಸೆಕ್ರೋಪಿನ್ನಿನ ತಲೆಭಾಗಕ್ಕೆ ಮೆಲಿಟಿನ್ನಿನ ಒಂದು ತುಂಡನ್ನು ಕಸಿ ಮಾಡಿ, ರೋಬಸ್ಟಾದ ಬೇರಿಗೆ ಅರೇಬಿಕಾದ ಕುಡಿ ಕಟ್ಟಿದ ಹಾಗೆ, ಬೆರಕೆ ಪೆಪ್ಟೈಡುಗಳನ್ನು ತಯಾರಿಸಿದರು. ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯಾವನ್ನೂ ಮಲೇರಿಯಾದ ಪರಾವಲಂಬಿಯನ್ನೂ ತಡೆದವು, ಮೆಲಿಟಿನ್ನಿಗಿದ್ದ ರಕ್ತಕಣ ಒಡೆಯುವ ಚಾಳಿಯನ್ನು ಬಿಟ್ಟವು. ಇದೇ ವಂಶದ ಒಂದು ಬೆರಕೆ ಪೆಪ್ಟೈಡನ್ನು ಸ್ಪೇನಿನ ಸಂಶೋಧಕರು ಲೀಶ್ಮೇನಿಯಾ ತಗುಲಿದ್ದ ನಾಯಿಗಳಿಗೆ ಕೊಟ್ಟು, ಅವು ಚೇತರಿಸಿಕೊಂಡದ್ದನ್ನು 2004ರಲ್ಲಿ ವರದಿ ಮಾಡಿದರು. ಅದು ತೀರ ಸಣ್ಣ ಪ್ರಯೋಗ, ಅದರಿಂದ ಮದ್ದು ಹುಟ್ಟಲಿಲ್ಲ. ಆದರೆ ಕೊಲ್ಲುವ ಗುಣವನ್ನೂ ಬಿಡುವ ಗುಣವನ್ನೂ ಒಂದೇ ಅಣುವಿನೊಳಗೆ ಬೇರೆಬೇರೆಯಾಗಿ ತಿದ್ದಬಹುದು ಎಂಬುದು ಈ ದಾರಿಯಲ್ಲಿ ಸ್ಪಷ್ಟವಾಯಿತು.

ಕೆಲವು ವಿಷಗಳು ಕೊಲ್ಲುವ ರೀತಿ ನೇರವಾಗಿಯೂ ಇರುವುದಿಲ್ಲ. ಜೇನಿನ ವಿಷದಲ್ಲೇ ಇರುವ ಫಾಸ್ಫೋಲೈಪೇಸ್ ಕಿಣ್ವವನ್ನು ಫಾಲ್ಸಿಪಾರಂ ಇರುವ ತಟ್ಟೆಗೆ ಹಾಕಿದರೆ ಪರಾವಲಂಬಿಯ ಬೆಳವಣಿಗೆ ನಿಲ್ಲುತ್ತದೆ. ಕಿಣ್ವ ಪರಾವಲಂಬಿಯ ಪೊರೆಯನ್ನು ಸೀಳಿತೆಂದು ಯಾರಾದರೂ ಊಹಿಸಿಯಾರು. ಪ್ಯಾರಿಸ್ಸಿನ ಸಂಶೋಧಕರು 2000ದಲ್ಲಿ ತೋರಿಸಿದ್ದು ಬೇರೆಯೇ. ಕಿಣ್ವ ಕೆಲಸ ಮಾಡಿದ್ದು ಪರಾವಲಂಬಿಯ ಮೇಲಲ್ಲ, ತಟ್ಟೆಯ ದ್ರವದಲ್ಲಿ ಬೆರೆಸಿದ್ದ ಮನುಷ್ಯನ ರಕ್ತಸಾರದ ಕೊಬ್ಬಿನ ಮೇಲೆ. ಆ ಕೊಬ್ಬು ಒಡೆದು ಹುಟ್ಟಿದ ತುಣುಕುಗಳು ಪರಾವಲಂಬಿಗೆ ವಿಷವಾದವು. ಆ ಬಳಿಕ ಹಾವಿನ ವಿಷದ ಫಾಸ್ಫೋಲೈಪೇಸುಗಳಲ್ಲೂ ಇದೇ ಬಗೆಯ ವರ್ತನೆ ಕಂಡಿತು. ರಕ್ತಸಾರದ ಕೊಬ್ಬನ್ನು ಹೀಗೆ ಹರಿದುಹಾಕುವ ಕಿಣ್ವವನ್ನು ರೋಗಿಯ ನರಕ್ಕೆ ಚುಚ್ಚಿದರೆ ಅದರ ಪರಿಣಾಮ ಮಲೇರಿಯಾದ ಮೇಲೆ ಮಾತ್ರ ನಿಲ್ಲುತ್ತದೆಂದು ಯಾರೂ ಭರವಸೆ ಕೊಡಲಾರರು.

ಲೀಶ್ಮೇನಿಯಾದಲ್ಲೂ ಇದೇ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. ಬ್ರೆಜಿಲಿನ ಒಂದು ಮಂಡಲದ ವಿಷ ಲೀಶ್ಮೇನಿಯಾವನ್ನು ಕೊಲ್ಲುವುದು ಅದರೊಳಗಿನ ಎಲ್-ಅಮೈನೋ ಆಸಿಡ್ ಆಕ್ಸಿಡೇಸ್ ಎಂಬ ಕಿಣ್ವದಿಂದ ಎಂದು 2001ರಲ್ಲಿ ತಿಳಿಯಿತು. ಅನೇಕ ಹಾವುಗಳ ವಿಷ ಹಳದಿಯಾಗಿ ಕಾಣುವುದು ಈ ಕಿಣ್ವದಿಂದಲೇ. ಅದು ಅಮೈನೋ ಆಮ್ಲಗಳನ್ನು ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಗಾಯ ತೊಳೆದಾಗ ನೊರೆಯೇಳುವ ಅದೇ ದ್ರವ. ಪರಾವಲಂಬಿ ಸಾಯುವುದು ಅದರಿಂದ. ಆದರೆ ಹೈಡ್ರೋಜನ್ ಪೆರಾಕ್ಸೈಡಿಗೆ ಎದುರಿಗಿರುವುದು ಯಾರ ಕೋಶ ಎಂಬ ಭೇದವಿಲ್ಲ. ಮೇಲಾಗಿ ಲೀಶ್ಮೇನಿಯಾಕ್ಕೆ ಎರಡು ರೂಪಗಳಿವೆ. ಮರಳುನೊಣದ ಹೊಟ್ಟೆಯಲ್ಲಿ ಬಾಲ ಬೀಸುತ್ತ ಈಜುವುದು ಒಂದು ರೂಪ. ಮನುಷ್ಯನ ಮೈಯಲ್ಲಿ, ರೋಗಾಣುಗಳನ್ನು ನುಂಗಬೇಕಾದ ಕಾವಲಿನ ಕೋಶದೊಳಗೇ ಬಾಲ ಮುದುರಿಕೊಂಡು ಕೂರುವುದು ಇನ್ನೊಂದು. ತಟ್ಟೆಯಲ್ಲಿ ಬೆಳೆಸಲು ಸುಲಭವಾದದ್ದು ಮೊದಲನೆಯದು, ರೋಗ ತರುವುದು ಎರಡನೆಯದು. ಈಜುವ ರೂಪವನ್ನು ಕೊಂದ ವಿಷ ಕಾವಲಿನ ಕೋಶದೊಳಗೆ ನುಸುಳಿ ಅಡಗಿದವನನ್ನು ಹುಡುಕಿ ಕೊಂದೀತೆಂಬ ಖಾತರಿ ಇಲ್ಲ. ಎಷ್ಟೋ ಉತ್ಸಾಹದ ವರದಿಗಳು ಮೊದಲನೆಯ ರೂಪದ ಮೇಲಿನ ಪರೀಕ್ಷೆಗೇ ನಿಂತುಬಿಟ್ಟಿವೆ.

ಇವೆಲ್ಲಕ್ಕಿಂತ ಬೇರೆ ಜಾತಿಯದು ಜೇಡದ ಒಂದು ವಿಷ. ಟ್ರಿನಿಡಾಡ್ ದ್ವೀಪದ ಮರಗಳಲ್ಲಿ ವಾಸಿಸುವ ದೊಡ್ಡ ರೋಮಜೇಡವೊಂದರ ವಿಷದಿಂದ 2004ರಲ್ಲಿ ಎರಡು ಸಣ್ಣ ಪೆಪ್ಟೈಡುಗಳನ್ನು ಬೇರ್ಪಡಿಸಿದರು, ಒಂದರಲ್ಲಿ 33 ಅಮೈನೋ ಆಮ್ಲಗಳು, ಇನ್ನೊಂದರಲ್ಲಿ 28. ಇವು ರಕ್ತಕಣದೊಳಗೆ ಕುಳಿತ ಫಾಲ್ಸಿಪಾರಂನ ಬೆಳವಣಿಗೆಯನ್ನು ತಡೆದವು, ಆದರೆ ರಕ್ತಕಣ ಒಡೆಯಲಿಲ್ಲ. ಗಿಡ ನಿಂತಿದೆ, ಹುಳು ಸತ್ತಿದೆ. ಹೇಗೆಂದು ಹುಡುಕಿದಾಗ, ಅವುಗಳಲ್ಲಿ ಮೊದಲನೆಯದು ಪರಾವಲಂಬಿಯ ಸಬ್-1 ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆಂದು ಆ ಮೇಲಿನ ಸಂಶೋಧನೆಯಲ್ಲಿ ಕಂಡಿತು. ಬೆಳೆದ ಪರಾವಲಂಬಿ ರಕ್ತಕಣವನ್ನು ಸೀಳಿ ಹೊರಬರಬೇಕಾದರೆ ಆ ಕಿಣ್ವ ಬೇಕೇಬೇಕು. ತೂತು ಕೊರೆಯುವುದಕ್ಕೂ ಬಾಗಿಲಿನ ಬೀಗವನ್ನು ಗುರುತಿಸಿ ಜಡಿಯುವುದಕ್ಕೂ ಇರುವ ವ್ಯತ್ಯಾಸವಿದು. ವಿಷದ ಹುಡುಕಾಟದಿಂದ ಎಂದಾದರೂ ಒಂದು ಮಾತ್ರೆ ಬರುವುದಾದರೆ ಅದು ಇಂಥ ಬೀಗವೊಂದರ ಗುರುತು ಹಿಡಿದೇ ಬಂದೀತು ಎಂದು ನನ್ನ ಎಣಿಕೆ. ಕ್ಯಾಪ್ಟೊಪ್ರಿಲ್ ಬಂದದ್ದೂ ಹಾಗೆಯೇ.

ಆದರೂ ಜೇಡದ ಪೆಪ್ಟೈಡು ತಾನೇ ಮದ್ದಾಗುವುದಕ್ಕೆ ಅಡ್ಡಿಗಳು ಬಹಳ. ಅದು ಕೆಲಸ ಮಾಡಲು ಬೇಕಾಗುವ ಸಾಂದ್ರತೆ ಮೈಕ್ರೋಮೋಲಾರ್ ಲೆಕ್ಕದ್ದು. ಆರ್ಟೆಮಿಸಿನಿನ್‌ಗೆ ಸಾಕಾಗುವುದು ಕೆಲವೇ ನ್ಯಾನೋಮೋಲಾರ್, ಅಂದರೆ ನೂರಾರು ಪಟ್ಟು ಕಡಿಮೆ. ಬಾಯಿಂದ ಕೊಟ್ಟರೆ ಹೊಟ್ಟೆ ಅದನ್ನು ಅರಗಿಸಿಬಿಡುತ್ತದೆ, ಆ ಮೊದಲು ಹೇಳಿದ ಬೇಳೆಯ ಮಾತು. ನರಕ್ಕೆ ಚುಚ್ಚಿದರೆ ರಕ್ತದ ಕಿಣ್ವಗಳು ಕತ್ತರಿಸುತ್ತವೆ, ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ಪರಕೀಯ ಪ್ರೋಟೀನನ್ನು ಮತ್ತೆ ಮತ್ತೆ ಕೊಟ್ಟರೆ ದೇಹ ಅದರ ವಿರುದ್ಧ ತಿರುಗಿಬೀಳುವುದೂ ಉಂಟು. ಒಂದೇ ಒಂದು ಜೇನು ಕಚ್ಚಿದ್ದಕ್ಕೆ ಉಸಿರುಗಟ್ಟಿ ಆಸ್ಪತ್ರೆ ಸೇರಿದವರನ್ನು ತೋಟದವರು ಕಂಡಿರುತ್ತಾರೆ. ಜೇನು ಕಚ್ಚಿಸಿಕೊಂಡು ರೋಗ ವಾಸಿಮಾಡಿಕೊಳ್ಳಿ ಎನ್ನುವವರ ಮಾತಿಗೆ ಕಿವಿಗೊಡುವವರು ಅದನ್ನು ನೆನೆಯುವುದು ಒಳ್ಳೆಯದು. ತಟ್ಟೆಯ ನಂತರದ ಮೆಟ್ಟಿಲು ಇಲಿ. ಮನುಷ್ಯನ ಮಲೇರಿಯಾ ಸಾಮಾನ್ಯ ಇಲಿಗೆ ಹಿಡಿಯದ ಕಾರಣ ಅಲ್ಲಿ ಬಳಸುವುದು ಇಲಿಯದ್ದೇ ಪ್ಲಾಸ್ಮೋಡಿಯಂ ಬರ್ಗಿ ಎಂಬ ಇನ್ನೊಂದು ಜಾತಿಯನ್ನು. ಫಾಲ್ಸಿಪಾರಂ ಮೇಲೆ ಗೆದ್ದದ್ದು ಬರ್ಗಿಯ ಮೇಲೆ ಸೋಲಬಹುದು, ಅದರ ತಿರುಗುಮುರುಗೂ ಆಗಬಹುದು. ಎಲ್ಲ ದಾಟಿದರೂ ಚಿಕಿತ್ಸೆಯ ಖರ್ಚಿನ ಪ್ರಶ್ನೆ ಉಳಿಯುತ್ತದೆ: ಮಲೇರಿಯಾ ಬರುವುದು ಹೆಚ್ಚಾಗಿ ಬಡವರಿಗೆ, ಮತ್ತು ಸರಪಳಿ ಪೋಣಿಸಿದಂತೆ ಪೆಪ್ಟೈಡನ್ನು ಕಟ್ಟಿ ಚುಚ್ಚುಮದ್ದು ಮಾಡುವುದು ಮಾತ್ರೆ ಮಾಡುವುದಕ್ಕಿಂತ ಬಹಳ ದುಬಾರಿ. ಇಷ್ಟೆಲ್ಲದರ ಫಲವಾಗಿ, ಪ್ರಾಣಿಯ ವಿಷದಿಂದ ಬಂದು ಮನುಷ್ಯರ ಪರಾವಲಂಬಿ ರೋಗಕ್ಕೆ ಒಪ್ಪಿಗೆ ಪಡೆದ ಮದ್ದು ಇಂದಿನವರೆಗೆ ಒಂದೂ ಇಲ್ಲ.

ಕೆಲವು ಸಂಶೋಧಕರು ಈ ನಡುವೆ ಯುದ್ಧದ ಕಣವನ್ನೇ ಬದಲಾಯಿಸಿದ್ದರು. ಮನುಷ್ಯನ ಮೈಯಲ್ಲಿ ಕೊಲ್ಲದೆ ಬಿಡಬೇಕಾದದ್ದು ಬಹಳವಿದೆ, ಸೊಳ್ಳೆಯ ಮೈಯಲ್ಲಿ ಹಾಗಿಲ್ಲ. ಪರಾವಲಂಬಿ ತನ್ನ ಬದುಕಿನ ಒಂದು ಘಟ್ಟವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಳೆಯುವುದರಿಂದ ವಿಷವನ್ನು ಅಲ್ಲಿಯೇ ಬಳಸಬಹುದಲ್ಲ ಎಂಬುದು ಯೋಚನೆ. ಜೇನಿನ ಫಾಸ್ಫೋಲೈಪೇಸನ್ನು ತಾನೇ ತಯಾರಿಸುವಂತೆ ವಂಶವಾಹಿ ತಿದ್ದಿದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗಳಲ್ಲಿ ಇಲಿಯ ಮಲೇರಿಯಾ ಸರಿಯಾಗಿ ಬೆಳೆಯಲಿಲ್ಲವೆಂದು 2002ರಲ್ಲಿ ವರದಿಯಾಯಿತು. ಆದರೆ ಆ ಸೊಳ್ಳೆಗಳು ಮೊಟ್ಟೆಯನ್ನೂ ಕಡಿಮೆ ಇಟ್ಟವು; ಅಂಥ ಸೊಳ್ಳೆ ಹೊರಗೆ ಬಿಟ್ಟರೆ ಉಳಿದವುಗಳ ಎದುರು ಬಾಳಲಾರದು. ಹಾನಿ ಮಾಡದೆ ಬಿಡುವ ಪ್ರಶ್ನೆ ಸೊಳ್ಳೆಯ ಮೈಯಲ್ಲೂ ಹಿಂಬಾಲಿಸಿತ್ತು. ಆಫ್ರಿಕಾದ ದೊಡ್ಡ ಕಪ್ಪು ಚೇಳಿನ ವಿಷದಲ್ಲಿ ಸಿಕ್ಕ ಸ್ಕಾರ್ಪೀನ್ ಎಂಬ ಪೆಪ್ಟೈಡನ್ನು 2011ರಲ್ಲಿ ಮತ್ತೊಂದು ದಾರಿಯಿಂದ ಕಳಿಸಿದರು. ಕೀಟಗಳಿಗೆ ಹತ್ತುವ ಮೆಟರೈಜಿಯಂ ಎಂಬ ಶಿಲೀಂಧ್ರದೊಳಗೆ ಸ್ಕಾರ್ಪೀನ್ ಮತ್ತು ಇನ್ನೊಂದು ತಡೆ ಪೆಪ್ಟೈಡಿನ ವಂಶವಾಹಿಗಳನ್ನು ಸೇರಿಸಿ ಸೊಳ್ಳೆಗೆ ತಗುಲಿಸಿದಾಗ, ಅದರ ಜೊಲ್ಲುಗ್ರಂಥಿಯನ್ನು ತಲುಪುವ ಪರಾವಲಂಬಿಗಳ ಸಂಖ್ಯೆ ಶೇಕಡಾ 98ರಷ್ಟು ಇಳಿಯಿತು. ಇಲ್ಲಿ ಕೊಬ್ಬನ್ನು ಹರಿದುಹಾಕುವ ಭಯವಿಲ್ಲ, ಹೊಟ್ಟೆ ಅರಗಿಸುವ ತೊಂದರೆಯಿಲ್ಲ, ರೋಗಿಗೆ ಚುಚ್ಚುವ ಮಾತೇ ಇಲ್ಲ. ಕೃಷಿಯವರಿಗೆ ಮೆಟರೈಜಿಯಂ ಹೊಸ ಹೆಸರೂ ಅಲ್ಲ. ಗೊಣ್ಣೆಹುಳುವಿಗೆ ಕೊಡುವ ಪುಡಿಯಾಗಿ ಅದು ಅಂಗಡಿಗಳಲ್ಲಿ ಸಿಗುತ್ತದೆ.

ಆಸ್ಟ್ರೇಲಿಯಾದ ಒಂದು ಜೇಡದ ವಿಷ ಸೇರಿಸಿದ ಮೆಟರೈಜಿಯಂ ಬುರ್ಕಿನಾ ಫಾಸೋ ದೇಶದ ಹಳ್ಳಿಯೊಂದರ ಬಳಿ, ಬಲೆ ಕಟ್ಟಿದ ದೊಡ್ಡ ಗೂಡಿನೊಳಗೆ ಎರಡೇ ತಲೆಮಾರುಗಳಲ್ಲಿ ಸೊಳ್ಳೆಗಳನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ್ದು 2019ರ ಸುದ್ದಿ. ಅದು ಪರಾವಲಂಬಿಯನ್ನು ಮುಟ್ಟದೆ ಸೊಳ್ಳೆಯನ್ನೇ ಕೊಲ್ಲುವ ದಾರಿ. ಇದಿಷ್ಟನ್ನೂ ಇನ್ನೊಂದು ದಿನ ಸಾವಧಾನವಾಗಿ ಹೇಳಿದಾಗ, ಮನೆಯ ಹಿಂದೆ ನಾಲ್ಕು ಪೆಟ್ಟಿಗೆ ತುಡುವೆ ಜೇನು ಸಾಕಿಕೊಂಡಿರುವ ಆ ಹಿರಿಯರು ಮಲೇರಿಯಾವನ್ನು ಬಿಟ್ಟು ಕೇಳಿದ್ದು ಒಂದೇ: "ಆ ಬೂಷ್ಟು ನಮ್ ಜೇನಿಗೆ ಹತ್ತಲ್ವಾ?" ಸಂಶೋಧಕರೂ ಅದನ್ನು ಕೇಳಿಕೊಂಡಿದ್ದರು. ಹೊರಗಿನ ಗೂಡಿಗೆ ಹೋಗುವ ಮೊದಲೇ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆ ಶಿಲೀಂಧ್ರವನ್ನು ಅಲ್ಲಿನ ಜೇನುನೊಣಗಳಿಗೆ ತಗುಲಿಸಿ ನೋಡಿ ಹಾನಿಯಾಗಲಿಲ್ಲವೆಂದು ಬರೆದಿದ್ದಾರೆ. ಅಲ್ಲಿಯದು ಏಪಿಸ್ ಮೆಲ್ಲಿಫೆರಾ, ನಮ್ಮ ತುಡುವೆ ಏಪಿಸ್ ಸೆರೆನಾ. ಈ ಬೂಷ್ಟು ಎಂದಾದರೂ ಘಟ್ಟದ ಈ ಕಡೆಗೆ ಬರುವುದಾದರೆ ಅದಕ್ಕೆ ಮೊದಲು ಆ ನಾಲ್ಕು ಪೆಟ್ಟಿಗೆಗಳಲ್ಲಿರುವಂಥ ನೊಣಗಳ ಮೇಲೆ ಪರೀಕ್ಷೆ ಬೇರೆಯಾಗಿಯೇ ನಡೆಯಬೇಕಾಗುತ್ತದೆ ಎಂದು ಅವರಿಗೆ ಹೇಳಿದೆ.